ಮಿಷನ್ ಓಡುವಷ್ಟು ಹೊತ್ತು

ನನ್ನ ಬಾಯಿಗೆ ಬೀಗ ಹಾಕಿದವಳು ನನ್ನ ಸೊಸೆ. ಪರಿಚಯವಿಲ್ಲದ ಬೀದಿಗೆ ಮನೆ ಬದಲಾಯಿಸಿದ ಹೊಸದರಲ್ಲಿ, ಮನೆಮನೆಯ ವಿವರ ಬರೆದುಕೊಳ್ಳಲು ಬಂದವರ ಮುಂದೆ, "ನಮ್ಮತ್ತೆಗೆ ಮಾತು ಬರಲ್ಲ, ಲಕ್ವಾ ಹೊಡೆದು ನಾಲಿಗೆ ಬಿದ್ದುಹೋಗಿದೆ" ಅಂದುಬಿಟ್ಟಳು. ಜಗಳಕ್ಕೆ ನಿಂತರೆ ಮೂರು ಬೀದಿಗೆ ಕೇಳುತ್ತಿದ್ದ ಬಾಯಿ ಇದು. ಸಿಟ್ಟು ನೆತ್ತಿಗೇರಿತು. ಆದರೂ ಮೂಗಿಯ ಹಾಗೆ ಕೈ ಆಡಿಸಿದೆ. ಮಗ ತೀರಿಕೊಂಡ ಮೇಲೆ ನಮಗೆ ಉಳಿದವಳು ಮೊಮ್ಮಗಳು ಪುಟ್ಟಿ ಒಬ್ಬಳೇ.

ಕಾನೂನು ಹಾಗಿತ್ತು. ಇನ್ನೂ ಶಾಲೆಗೆ ಸೇರದ ಮಗುವಿನ ಕಿವಿಗೆ ಮನೆಯಲ್ಲಿ ಸರ್ಕಾರದ ಭಾಷೆ ಬಿಟ್ಟು ಬೇರೇನೂ ಬೀಳಕೂಡದು. ಬಿದ್ದದ್ದು ಗೊತ್ತಾದರೆ ಮಗು ಸರ್ಕಾರಿ ಹಾಸ್ಟೆಲಿಗೆ. ಬೇಕರಿಯಲ್ಲಿ ದುಡಿಯುತ್ತಾ ಸೊಸೆ ಆ ಭಾಷೆ ಕಲಿತಿದ್ದಳು. ನನಗೆ ಕೇಳಿದರೆ ತಿಳಿಯುತ್ತಿತ್ತು, ಆಡಲು ಹೋದರೆ ನಾಲಿಗೆ ಹೊರಳುತ್ತಿರಲಿಲ್ಲ. ಪಕ್ಕದ ಮನೆಗೂ ನಮಗೂ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಅವರು ಕೆಮ್ಮಿದರೆ ನಮಗೆ ಕೇಳುತ್ತಿತ್ತು.

ನನ್ನ ಕಸುಬು ಹೊಲಿಗೆ. ಕಾಲಲ್ಲಿ ತುಳಿಯುವ ಹಳೇ ಮಿಷನ್, ಎಣ್ಣೆ ಕಾಣದಿದ್ದರೆ ಕಿವಿ ಕಿತ್ತುಹೋಗುವಂತೆ ಕಿರುಚುತ್ತದೆ. ಎಣ್ಣೆ ಹಾಕುವುದನ್ನೇ ಬಿಟ್ಟೆ. ಪುಟ್ಟಿ ಮೇಜಿನ ಕೆಳಗೆ ನನ್ನ ಮೊಣಕಾಲಿಗೆ ಒರಗಿ ಕೂರುತ್ತಿದ್ದಳು. ಮಿಷನ್ ಓಡುವಷ್ಟು ಹೊತ್ತು ನಾನು ಬಗ್ಗಿ, ಅವಳಪ್ಪನ ತುಂಟತನ, ನನ್ನ ಅತ್ತೆಯ ಜಿಪುಣತನ, ಎಲ್ಲವನ್ನೂ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಕಾಲು ನಿಂತರೆ ಬಾಯಿಯೂ ನಿಲ್ಲಬೇಕು. ಬಟ್ಟೆಯಿಲ್ಲದ ದಿನ ನೂಲಿಲ್ಲದ ಸೂಜಿಯನ್ನೇ ಓಡಿಸುತ್ತಿದ್ದೆ.

"ಬೆಳಗಿಂದ ಸಂಜೆವರೆಗೆ ಅದೇನು ಹೊಲೀತಾಳೋ ಮುದುಕಿ" ಅಂತ ಪಕ್ಕದ ಮನೆಯಾಕೆ ಗೊಣಗುತ್ತಿದ್ದಳು.

"ಅತ್ತೆ, ನಿಮ್ಮ ಬಾಯಿಚಪಲ ನಮ್ಮನ್ನ ಮುಳುಗಿಸುತ್ತೆ" ಅಂತ ಸೊಸೆ ಪಿಸುಗುಟ್ಟುತ್ತಿದ್ದಳು. ಉತ್ತರ ಕೊಡಲು ನಾನು ಮಿಷನ್ ತುಳಿಯಬೇಕಿತ್ತು.

ಮಗುವಿನ ಮಾತು ಪರೀಕ್ಷಿಸಲು ಸರ್ಕಾರದಿಂದ ತಪಾಸಣೆಯ ಹೆಂಗಸು ಬಂದಾಗ ಎಲ್ಲವೂ ಸುಸೂತ್ರವಾಗಿ ನಡೆಯಿತು. ಪುಟ್ಟಿ ಸರ್ಕಾರದ ಭಾಷೆಯಲ್ಲಿ ಅರಳು ಹುರಿದಂತೆ ಮಾತಾಡಿದಳು. ಹೆಂಗಸು ಒಳ್ಳೆಯವಳೇ. ಹೊರಡಲು ಎದ್ದವಳು ನನ್ನ ಭುಜ ಮುಟ್ಟಿ, "ಪಾಪ, ಅಜ್ಜಿಗೆ ಮಾತು ಬರಲ್ಲ ಅಲ್ವಾ" ಅಂದಳು.

ಪುಟ್ಟಿಗೆ ರೋಷ ಬಂತು. ತನ್ನ ಅಜ್ಜಿಯನ್ನು ಯಾರಾದರೂ ಕಡಿಮೆ ಮಾಡಿ ಆಡಿದರೆ ಸುಮ್ಮನಿರುವವಳಲ್ಲ, ನನ್ನ ರಕ್ತವೇ ತಾನೆ.

"ಬರುತ್ತೆ," ಅಂದಳು. "ಇದು ಓಡಿದಾಗ ಬರುತ್ತೆ."

ಸೊಸೆ ತೋಳು ಹಿಡಿಯುವಷ್ಟರಲ್ಲಿ ಮೇಜಿನ ಕೆಳಗೆ ನುಸುಳಿ, ಎರಡೂ ಕೈಯಿಂದ ಪೆಡಲ್ ಒತ್ತಿದಳು. ಮಿಷನ್ ಕಿರುಚಿತು. ಪುಟ್ಟಿ ಮುಖ ಎತ್ತಿ ನಮ್ಮ ಮಾತಿನಲ್ಲಿ, "ಮಾತಾಡು ಅಜ್ಜಿ," ಅಂದಳು.

ನಾನು ತುಟಿ ಬಿಚ್ಚಲಿಲ್ಲ. ಆದರೆ ಮಗುವಿನ ಬಾಯಿಗೆ ಆ ಮಾತು ಎಲ್ಲಿಂದ ಬಂತೆಂದು ಹೆಂಗಸಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಮತ್ತೆ ಕುರ್ಚಿಯಲ್ಲಿ ಕುಳಿತಳು.

ಆ ವಾರವೇ ವ್ಯಾನು ಬಂದು ಪುಟ್ಟಿಯನ್ನು ಕರೆದೊಯ್ದಿತು. ಸೊಸೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಸ್ಟೆಲಿನಲ್ಲಿ ಅವಳನ್ನು ನೋಡಲು ಬಿಟ್ಟದ್ದು ಚಳಿ ಶುರುವಾದ ಮೇಲೆ. ಉದ್ದನೆಯ ಕೋಣೆ, ಸಾಲು ಬೆಂಚು, ಬಾಗಿಲಲ್ಲಿ ಕಾವಲಿನವಳು. ಪುಟ್ಟಿಯ ಕೂದಲನ್ನು ಗಿಡ್ಡವಾಗಿ ಕತ್ತರಿಸಿದ್ದರು. ಹೋಗುವುದೆಲ್ಲ ಹೋಯಿತು, ಇನ್ನು ನನಗ್ಯಾರ ಹೆದರಿಕೆ ಅಂದುಕೊಂಡೆ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಮ್ಮ ಮಾತಿನಲ್ಲಿ ಬಾಯಿ ತುಂಬ ಕರೆಯೋಣವೆಂದು ಬಾಯಿ ತೆರೆದೆ.

ಪುಟ್ಟಿ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಕಾವಲಿನವಳ ಕಡೆ ಒಮ್ಮೆ ನೋಡಿ, ನನ್ನ ಕಿವಿಯಲ್ಲಿ ಉಸುರಿದಳು.

"ಬೇಡ ಅಜ್ಜಿ. ಇಲ್ಲಿ ಮಿಷನ್ ಇಲ್ಲ."