ಜಾಲರಿ ಹತ್ತಿದ ಬಲಗೈ

ಮುಂಬಯಿಯ ಪಶ್ಚಿಮ ರೈಲ್ವೆಯನ್ನು ಇಷ್ಟು ವರ್ಷ ಎತ್ತಿ ಹಿಡಿದಿದ್ದು ನನ್ನ ಬಲ ಭುಜ. ಉಳಿದವರು ಲೋಕಲಿನ ಹಿಡಿಕೆ ಹಿಡಿದು ನೇತಾಡುತ್ತಾರೆ. ನಾನು ಹಿಡಿದರೆ ಲೋಕಲೇ ನನ್ನನ್ನು ನಂಬಿ ನೇತಾಡುತ್ತಿತ್ತು. ಬೆಳಿಗ್ಗೆ ದಹಿಸರ್‌ನಿಂದ ದಾದರ್, ಸಂಜೆ ದಾದರ್‌ನಿಂದ ದಹಿಸರ್. ಈ ಜಯಸಿಂಹ ಒಂದು ದಿನ ರಜೆ ಹಾಕಿದರೆ ಬೋಗಿ ಒಂದು ಕಡೆಗೆ ವಾಲುತ್ತದೆಂದು ಮೋಟರ್‌ಮನ್‌ಗಳು ಮಾತಾಡಿಕೊಳ್ಳುತ್ತಿದ್ದರಂತೆ. ನಾನು ಕೇಳಿಲ್ಲ, ಆದರೆ ಮಾತಾಡಿಕೊಂಡಿರಲೇಬೇಕು.

ಅಂಥ ಭುಜ ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಬನಿಯನ್ ಹಾಕಿಕೊಳ್ಳುವಾಗ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ತಲೆ ಬನಿಯನ್ನಿನ ಒಳಗೆ, ಕೈ ಹೊರಗೆ ಗಾಳಿಯಲ್ಲಿ. ಹೆಂಡತಿ ಅಲಮೇಲು ಬಂದು ಬಿಡಿಸುವ ಹೊತ್ತಿಗೆ ಒಂದು ಯುಗ ಕಳೆದು ಇನ್ನೊಂದು ಹುಟ್ಟಿತ್ತು.

"ಫ್ರೋಜನ್ ಶೋಲ್ಡರ್. ಶುಗರ್ ಇರೋರಿಗೆ ಸಾಮಾನ್ಯ," ಎಂದರು ಡಾಕ್ಟರು. ನನ್ನ ಭುಜಕ್ಕೆ ಸಾಮಾನ್ಯ ಎಂದ ಮೊದಲ ಮನುಷ್ಯ ಅವರೇ. ಗೋಡೆಗೆ ಮುಖ ಮಾಡಿ ನಿಂತು, ಎರಡು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದೀಪಾವಳಿಯ ಹೊತ್ತಿಗೆ ತೋಳು ಕಿವಿಗೆ ತಾಗಬೇಕು. ತಾಗದಿದ್ದರೆ? ಡಾಕ್ಟರು ಮೇಜಿನ ಮೇಲಿದ್ದ ಪೆನ್ನಿನ ಬಿಗಿಯಾದ ಮುಚ್ಚಳವನ್ನು ತಿರುಚಿ ಎಳೆದರು. ಟಕ್ ಎಂದಿತು. "ಪ್ರಜ್ಞೆ ತಪ್ಪಿಸಿ ಹೀಗೆ ಬಿಡಿಸ್ತೀವಿ. ನಿಮಗೇನೂ ಗೊತ್ತಾಗಲ್ಲ."

ಆ ಟಕ್ ನನ್ನ ಜೊತೆ ಮನೆಗೆ ಬಂತು. ಬಾಗಿಲು ಚಿಲಕ ಹಾಕಿದರೆ ಟಕ್, ಅಲಮೇಲು ಹುರುಳಿಕಾಯಿ ಮುರಿದರೆ ಟಕ್.

ಇಷ್ಟು ಹೆದರಿದವನು ವ್ಯಾಯಾಮ ಮಾಡಬೇಕಿತ್ತು ತಾನೇ? ನಿಂತೆ. ಮನೆಯ ಹಾಲ್‌ನ ಗೋಡೆಯೆದುರು ನಿಂತೆ. ಗೋಡೆ ಎಂದರೇನೆಂದು ಆಗ ತಿಳಿಯಿತು. ಪ್ರಪಂಚದಲ್ಲಿ ಅಷ್ಟು ಬೇಸರದ ವಸ್ತು ಇನ್ನೊಂದಿಲ್ಲ. ಬೆರಳು ಒಂದು ಗೇಣು ಏರುವಷ್ಟರಲ್ಲಿ ನನ್ನ ಗಡ್ಡ ಬೆಳೆದು ನೆಲ ಮುಟ್ಟುತ್ತಿತ್ತು. ಕುಕ್ಕರ್ ಕೂಗಿದರೆ ನನ್ನನ್ನೇ ಕರೆದರೆಂದು ಓಡುತ್ತಿದ್ದೆ.

ಅಲಮೇಲು ತದ್ವಿರುದ್ಧ. ಬೆಳಗಾದರೆ ಬಿಲ್ಡಿಂಗಿನ ಟೆರೇಸಿಗೆ ಹೋಗಿ, ಮಿಕ್ಕ ಹೆಂಗಸರ ಜೊತೆ ಬಗ್ಗಿ ಎದ್ದು, ಕೈ ಬೀಸಿ, ಸುಮ್ಮಸುಮ್ಮನೆ ನಕ್ಕು, ಯಾರದೋ ಮದುವೆಯೂಟ ಮುಗಿಸಿ ಬಂದವಳ ಹಾಗೆ ಹೊಳೆಯುತ್ತಾ ಇಳಿದು ಬರುತ್ತಾಳೆ. ಬೆವರಿದ್ದಕ್ಕೆ ಸಂತೋಷಪಡುವ ಮನುಷ್ಯರನ್ನು ನಾನು ಈವರೆಗೆ ಅರ್ಥ ಮಾಡಿಕೊಂಡಿಲ್ಲ.

"ಬೋರು ಕಣೇ," ಎಂದೆ.

"ಮನಸ್ಸಿಟ್ಟು ಮಾಡಿದ್ರೆ ಬೋರಾಗಲ್ಲ ರೀ."

"ಮನಸ್ಸು ಇಟ್ಟೆ. ಅದು ಗೋಡೆ ನೋಡಿ ವಾಪಸ್ ಬಂತು."

ನಿಜ ಹೇಳಬೇಕೆಂದರೆ ದಣಿವು. ದಿನಾ ಹೋಗುತ್ತಾ ಬರುತ್ತಾ ಈ ಮೈಯನ್ನು ಸಾವಿರ ಜನ ಒತ್ತಿ, ಹಿಂಡಿ, ತಿರುಗಿಸಿ ಮನೆಗೆ ಕಳಿಸುತ್ತಾರೆ. ಅದನ್ನು ಮತ್ತೆ ಗೋಡೆಗೆ ಒಯ್ಯುವುದೆಂದರೆ, ಗಿರಣಿಯಲ್ಲಿ ಬೀಸಿ ತಂದ ಹಿಟ್ಟನ್ನು ಮತ್ತೆ ಒರಳಿಗೆ ಹಾಕಿದ ಹಾಗೆ.

ಇನ್ನೊಂದು ಕಾರಣವೂ ಇತ್ತು. ನಮ್ಮ ಬೋಗಿಯಲ್ಲಿ ಒಂದು ಗುಂಪಿದೆ. ಗಾಡಿ ಹೊರಡುವ ವಿರಾರ್ ಕಡೆ ಹತ್ತುವವರು ಕಿಟಕಿ ಬದಿಯ ಸೀಟು ಹಿಡಿಯುತ್ತಾರೆ. ನಮ್ಮಂಥವರು ನಡುವೆ ಹತ್ತಿ ನಿಲ್ಲುತ್ತೇವೆ. ಅಂಧೇರಿ ಬಂದ ಕೂಡಲೇ, ಯಾರೂ ಹೇಳದಿದ್ದರೂ, ಕೂತವರು ಏಳುತ್ತಾರೆ, ನಿಂತವರು ಕೂರುತ್ತಾರೆ. ಈ ಕಟ್ಟಳೆ ಮುರಿದವನಿಗೆ ಮರುದಿನ ಬಾಗಿಲಲ್ಲೂ ಜಾಗವಿಲ್ಲ. ಆದರೆ ಭುಜ ಕೆಟ್ಟ ಮೇಲೆ ನನಗೆ ದಹಿಸರ್‌ನಿಂದಲೇ ಸೀಟು. ಬಿಟ್ಟುಕೊಟ್ಟವನು ಶರಣಬಸಪ್ಪ.

ಶರಣಬಸಪ್ಪ ಕಲಬುರಗಿ ಕಡೆಯವನು, ಟೈಲ್ಸ್ ಕೂರಿಸುವ ಮೇಸ್ತ್ರಿ. ಹಗಲಿಡೀ ಮೊಣಕಾಲೂರಿ ಮಂದಿಯ ನೆಲ ಸಮ ಮಾಡುತ್ತಾನೆ. ಅಷ್ಟಾದ ಮೇಲೂ ನಸುಕಿನಲ್ಲಿ ಎದ್ದು ಖೋಲಿಯ ಮುಂದೆ ದಂಡ ಹೊಡೆಯುತ್ತಾನೆ, ಬಸ್ಕಿ ತೆಗೆಯುತ್ತಾನೆ. ಅವನು ಬಸ್ಕಿ ತೆಗೆದರೆ ಅವನಿರುವ ನಾಲಾಸೋಪಾರಾದ ನೀರಿನ ಟ್ಯಾಂಕುಗಳು ತುಳುಕುತ್ತವೆ.

"ನಿನಗೆ ಬೇಜಾರಾಗಲ್ವೇನಪ್ಪ?" ಎಂದು ನಾನು ಸಿಂಹಾಸನದಲ್ಲಿ ಕೂತೇ ಕೇಳಿದ್ದೆ.

ಅವನು ಹಿಡಿಕೆಗೆ ಜೋತುಬಿದ್ದು ಆಕಳಿಸಿದ. "ಯಾಕ್ರೀ ಸಾಹೇಬ್ರ? ಹಗಲೆಲ್ಲಾ ಮಂದಿ ಫರಸಿ ಸಲುವಾಗಿ ಬಗ್ಗತೀನಿ. ಮುಂಜಾನಿ ಒಂದೀಟು ನನ್ನ ಸಲುವಾಗಿ ಬಗ್ಗತೀನಿ. ಅದರಾಗ ಬ್ಯಾಸರಕಿ ಏನು ಬಂತು?"

"ನನ್ನ ಮೈ ಪೂರ್ತಿ ರೈಲ್ವೆಗೆ ಸೇರಿದ್ದು. ನನ್ನ ಸಲುವಾಗಿ ಏನೂ ಉಳಿದಿಲ್ಲ."

"ಹಂಗಾದ್ರ ರೈಲ್ವೆದವರಿಗೇ ಹೇಳ್ರಿ, ಕೈ ರಿಪೇರಿ ಮಾಡ್ಲಿ," ಎಂದ. ಬೋಗಿಯೆಲ್ಲ ನಕ್ಕಿತು.

ನನ್ನನ್ನು ಕೆಡಿಸಿದ್ದು ನನ್ನ ಬಾಯಿ. ನವರಾತ್ರಿಗೆ ಮುಂಚೆ ಅಲಮೇಲು ಹಾಲ್‌ನ ಗೋಡೆ ಒರೆಸುತ್ತಿದ್ದಳು. ನಾನು ಭುಜಕ್ಕೆ ಎಣ್ಣೆ ಹಚ್ಚಿಕೊಂಡೇ ವ್ಯಾಯಾಮಕ್ಕೆ ನಿಲ್ಲುತ್ತಿದ್ದೆನಲ್ಲ, ಬೆರಳಿನ ಜಿಡ್ಡು ಗೋಡೆಯ ಮೇಲೆ ಎದೆ ಎತ್ತರಕ್ಕೆ ಬಂದು ನಿಂತಿತ್ತು. ಅದರ ಮೇಲೆ ಗೋಡೆ ಮಗುವಿನ ಮನಸ್ಸಿನಷ್ಟು ನಿರ್ಮಲ.

"ಏನ್ರೀ ಇದು? ಇಷ್ಟೇನಾ ಏರಿರೋದು? ಈ ಕೈ ಇಟ್ಕೊಂಡು ಲೋಕಲ್‌ನಲ್ಲಿ ಹೇಗೆ ನಿಲ್ತೀರಿ?"

ನನಗೆ ಸುಮ್ಮನಿರಲು ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. "ನಿಲ್ಲೋದೇ? ನಾನೇ? ನಾನು ಹತ್ತಿದರೆ ಇಡೀ ಬೋಗಿ ಎದ್ದು ನಿಂತು ಕಿಟಕಿ ಪಕ್ಕ ಕೂರಿಸತ್ತೆ! ದಾದರ್ ತನಕ ರಾಜಯೋಗ!"

ಅಲಮೇಲು ಒರೆಸುವ ಬಟ್ಟೆ ಹಿಂಡಿದಳು. ನನ್ನ ಫೋನು ಎಲ್ಲಿದೆಯೆಂದು ಮಾತ್ರ ಕೇಳಿದಳು.

ಮರುದಿನ ನನ್ನ ಸೀಟಿನಲ್ಲಿ ಶರಣಬಸಪ್ಪ ಕೂತಿದ್ದ. ಕಣ್ಣು ನೆಲದ ಮೇಲೆ. "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಅಮ್ಮೋರು ಫೋನ್ ಮಾಡ್ಯಾರ. ನಿಮಗ ಕುಂಡ್ರಸಿದ್ರ ನನ್ನ ಮ್ಯಾಲ ಪಾಪ ಬರ್ತದಂತ."

"ಏನಯ್ಯಾ, ಅವಳೇನು ಸ್ಟೇಷನ್ ಮಾಸ್ಟರೇ?"

"ಅದರಕಿನ್ನ ಮ್ಯಾಲ ಅದಾರ್ರೀ," ಎಂದು ಪಕ್ಕದವರನ್ನು ಸರಿಸಿ, ಬೋಗಿಯ ಕೊನೆಯಲ್ಲಿದ್ದ ಕಬ್ಬಿಣದ ಜಾಲರಿಯ ಹತ್ತಿರ ನನಗೆ ಜಾಗ ಮಾಡಿಸಿದ. "ಗ್ವಾಡಿ ಬ್ಯಾಸರಕಿ ಅಂದ್ರೆಲ್ಲ, ಇದಕ್ಕ ತೂತು ಅವ. ಸ್ಟೇಷನ್ನಿಗೊಂದು ತೂತು ಏರಸ್ರಿ."

ಎಂಥ ಅವಮಾನ! ಬೋರಿವಲಿಗೆ ಒಂದು ತೂತು. ಕಾಂದಿವಲಿಗೆ ಒಂದು. ಭುಜದೊಳಗೆ ಯಾರೋ ಗರಗಸ ಎಳೆಯುತ್ತಿದ್ದರು. ಮಲಾಡ್‌ಗೆ ಕಣ್ಣು ಮುಚ್ಚಿಕೊಂಡೆ. ಬೆರಳು ಜಾಲರಿಯ ಆಚೆ ಎರಡು ಗೆಣ್ಣು ಹೋಗಿರಬೇಕು. ಗೋರೆಗಾಂವ್ ಬರುವ ಮುಂಚೆಯೇ ಆಚೆಯಿಂದ ಮೆಂತ್ಯದ ಸೊಪ್ಪಿನ ಕಂತೆಯೊಂದು ರಪ್ಪೆಂದು ಬೆರಳಿನ ಮೇಲೆ ಬಿತ್ತು.

"ಓ ಕಾಕಾ! ಬೋಟಂ ಬಾಹೇರ ಕಾಢಾ! ಲಾಜ್ ನಾಹೀ ವಾಟತ್?" ಬೆರಳು ತೆಗೆಯಿರಿ, ನಾಚಿಕೆಯಾಗಲ್ಲವೇ ಎಂದು ಮರಾಠಿಯಲ್ಲಿ ಬೈಗುಳ.

ಜಾಲರಿಯ ಆಚೆ ಲೇಡೀಸ್ ಡಬ್ಬವೆಂಬುದನ್ನು ಮೂವತ್ತು ವರ್ಷದಿಂದ ಬಲ್ಲ ನಾನು ಆ ನೋವಿನಲ್ಲಿ ಮರೆತೇಬಿಟ್ಟಿದ್ದೆ. ನೂರು ಜೊತೆ ಕಣ್ಣು ನನ್ನ ಬೆರಳಿನ ಮೇಲೆ. ಇಂದ್ರನಿಗೂ ಅಷ್ಟು ಕಣ್ಣು ಎದುರಾಗಿರಲಿಕ್ಕಿಲ್ಲ. "ಅಯ್ಯೋ, ನಾರಾಯಣ! ಹಾಗಲ್ಲಮ್ಮಾ!" ಎಂದು ಕನ್ನಡದಲ್ಲೇ ಅರಚಿದೆ.

ಸೊಪ್ಪಿನ ಕಂತೆ ಅರ್ಧದಲ್ಲಿ ನಿಂತಿತು. "ಯವ್ವಾ! ನಮ್ಮ ಕಡ್ಯಾವ್ರೇನ್ರೀ? ಮದ್ಲ ಹೇಳಬಾರದಾ? ಮೆಲ್ಲಕ ಹೊಡೀತಿದ್ನಿ."

ಶರಣಬಸಪ್ಪ ಕೂತಲ್ಲಿಂದಲೇ ಕೂಗಿದ. "ಅಕ್ಕಾ, ಅವರಿಗಿ ಕೈ ಮ್ಯಾಲ ಹೋಗಂಗಿಲ್ಲ! ದೀಪಾವಳಿಗಿ ಹೋಗಲಿಲ್ಲಂದ್ರ ಡಾಕ್ಟರ್ ತಿರುವಿ ಮುರೀತಾನಂತ!"

ಹೀಗೆ ನನ್ನ ಭುಜದ ಗುಟ್ಟು ಎರಡೂ ಡಬ್ಬಗಳಿಗೆ ತಿಳಿಯಿತು. ಹೊಡೆದಾಕೆ ಮಹಾದೇವಿ, ಇಂಡಿ ಕಡೆಯವಳು, ವಿಲೇ ಪಾರ್ಲೆಯ ಮನೆಗಳಲ್ಲಿ ಅಡುಗೆ ಮಾಡುತ್ತಾಳೆ, ದಾರಿಯುದ್ದಕ್ಕೂ ಸೊಪ್ಪು ಬಿಡಿಸುತ್ತಾಳೆ. ಅಂದು ಇಳಿಯುವ ಮುಂಚೆ ತನ್ನ ಹಣೆಯ ಟಿಕಳಿ ತೆಗೆದು, ನನ್ನ ಬೆರಳು ಮುಟ್ಟಿದ ಜಾಗದ ಪಕ್ಕ ಜಾಲರಿಯ ಪಟ್ಟಿಗೆ ಅಂಟಿಸಿದಳು. "ನಾಳಿ ಇದರಕಿನ್ನ ಮ್ಯಾಲ ಬರಬೇಕ್ರಿ ಕಾಕಾ."

ನಾಳೆ ಅದೇ ಹೊತ್ತಿಗೆ ಬಂದದ್ದು ಬೇರೆ ಬೋಗಿಗಳ ಗಾಡಿ. ಟಿಕಳಿ ನಿನ್ನೆಯ ಗಾಡಿಯ ಜೊತೆ ಎಲ್ಲಿಗೋ ಹೋಗಿತ್ತು. ದೇವರು ನನ್ನ ಪಕ್ಷ ಎಂದುಕೊಂಡೆ. ಸೊಂಟಕ್ಕಿಂತ ಒಂದಿಷ್ಟು ಮೇಲೆ ಬೆರಳಿಟ್ಟು, "ನಿನ್ನೆ ಇಲ್ಲಿಗೆ ಬಂದಿತ್ತು ನೋಡಮ್ಮ, ಇವತ್ತು ಎಷ್ಟು ಮೇಲಿದೆ!" ಎಂದು ಎದೆ ಮಟ್ಟ ತೋರಿಸಿದೆ.

ಮಹಾದೇವಿ ಎದ್ದು ಜಾಲರಿಗೆ ಒತ್ತಿ ನಿಂತಳು. "ಸುಳ್ಳ ಹೇಳಬ್ಯಾಡ್ರಿ. ನಿನ್ನಿ ನನ್ನ ಹೆಗಲಿಗಿ ಇತ್ತು. ಇವತ್ತ ಗದ್ದಕ್ಕ ಬರಲಿ."

ಅಲ್ಲಿಂದ ಅವಳೇ ಅಳತೆಗೋಲು. ಹೆಗಲು, ಗದ್ದ, ಮೂಗು. ಮೂಗಿನ ಹತ್ತಿರ ಬಹಳ ದಿನ ನಿಂತೆ. ಆಚೆಯ ಹೆಂಗಸರು "ಕಾಕಾ, ನಾಕ್! ನಾಕ್!" ಎಂದು ಕೂಗುತ್ತಿದ್ದರು. ಈಚೆ ನಮ್ಮವರು ಚಪ್ಪಾಳೆ ತಟ್ಟುತ್ತಿದ್ದರು. ಬೋರಾಯಿತೇ ಎಂದು ಕೇಳಿದರೆ, ಆಗಲಿಲ್ಲ. ನೋವಿತ್ತು, ಬೆವರಿತ್ತು, ನಾಚಿಕೆಯಿತ್ತು. ಬೋರಿಗೆ ಮಾತ್ರ ಆ ಬೋಗಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಅಲಮೇಲುವಿನ ಟೆರೇಸಿನ ನಗು ಅರ್ಥವಾಯಿತೆಂದು ಮನೆಯಲ್ಲಿ ಭಾಷಣ ಬಿಗಿದೆ. ವ್ಯಾಯಾಮದ ರಹಸ್ಯವನ್ನು ಭೂಮಿಯ ಮೇಲೆ ಮೊದಲು ಕಂಡುಹಿಡಿದವನು ನಾನೇ ಎಂದೆ.

ಅದಾದ ಮೇಲೆ ಮಹಾದೇವಿ ಬರಲಿಲ್ಲ. ಊರಲ್ಲಿ ತಂಗಿಯ ಹೆರಿಗೆ. ಜಾಲರಿಯ ಆಚೆ ಯಾರೋ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೇರೆಡೆ ನೋಡುತ್ತಾ ನಿಂತಿದ್ದರು. ನನ್ನ ಭುಜ ಹಳೆಯ ಸುದ್ದಿಯಾಗಿತ್ತು. ಈಚೆಯವರೂ ಫೋನಿಗೆ ಇಳಿದಿದ್ದರು. ಶರಣಬಸಪ್ಪ ನನ್ನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಅವನ ಮೊಣಕಾಲುಗಳು ಪ್ಯಾಂಟಿನೊಳಗೇ ಊದಿದ್ದು ಕಾಣುತ್ತಿತ್ತು. ಇಷ್ಟು ತಿಂಗಳು ಈ ಮೊಣಕಾಲುಗಳ ಮೇಲೆ ನಿಂತೇ ಅವನು ನನ್ನನ್ನು ಕೂರಿಸಿದ್ದ.

ಬೆರಳು ಎರಡು ತೂತು ಏರಿತು. ನಿಂತಿತು. ಜಾಲರಿ ಗೋಡೆಯಾಗಿತ್ತು. ಮಲಾಡ್ ಬಂತು, ಹೋಯಿತು. ನಾನು ಕೈ ಇಳಿಸಿ ಎಡಗೈಯಲ್ಲಿ ಕಂಬ ಹಿಡಿದೆ. ಮರುದಿನವೂ ಅಷ್ಟೇ. ಅದರಾಚೆಯ ದಿನ ಪ್ರಯತ್ನವನ್ನೂ ಮಾಡಲಿಲ್ಲ.

ಅವಳು ಮರಳಿ ಬಂದ ದಿನ ಬೆರಳು ಹೆಗಲ ಮಟ್ಟದಲ್ಲೇ ನಿಂತಿತ್ತು. ಮಹಾದೇವಿ ನಗಲಿಲ್ಲ. "ಕಾಕಾ, ಹೆಗಲಿಗಿ ಇಳದೀರಲ್ಲ! ನಾ ಇಲ್ಲಂದ್ರ ಆ ಕೈ ನಿಮ್ಮದಲ್ಲೇನು?"

ದೀಪಾವಳಿ ಹತ್ತಿರವಿತ್ತು. ದಹಿಸರ್‌ನಲ್ಲಿ ಆಕಾಶಬುಟ್ಟಿ ಕಟ್ಟುತ್ತಿದ್ದರು. ಪಟಾಕಿಯೂ ನನ್ನ ಕಿವಿಗೆ ಟಕ್ ಎನ್ನುತ್ತಿತ್ತು.

ಅಂದು ಸಂಜೆ ಷರ್ಟು ಕೂಡ ಬಿಚ್ಚದೆ ಹಾಲ್‌ನ ಗೋಡೆಯೆದುರು ನಿಂತೆ. ಅಲಮೇಲು ಟಿ.ವಿ. ಸದ್ದು ತಗ್ಗಿಸಿದಳು.

"ನಾನು ಎಣಿಸ್ಲಾ ರೀ?"

"ಬೇಡ. ನೀನು ಆಚೆ ಹೋಗು. ಇದು ನಾನೂ ಗೋಡೆಯೂ ತೀರಿಸಿಕೊಳ್ಳಬೇಕಾದ ಜಗಳ."

ಗೋಡೆಯೊಳಗೆ ಏನೋ ಬೆಳಕು ಕಂಡಿತೆಂದು ಹೇಳುವ ಆಸೆ ನನಗಿದೆ. ಕಾಣಲಿಲ್ಲ. ಬೋರಾಯಿತು. ಭಯಂಕರ ಬೋರಾಯಿತು. ಮರುದಿನ ಬೆಳಿಗ್ಗೆಯೂ ಆಯಿತು, ಸಂಜೆಯೂ ಆಯಿತು. ಶರಣಬಸಪ್ಪನಿಗೆ ಬಸ್ಕಿ ಹೊಡೆದರೆ ಮೈ ತನ್ನದೆನಿಸುತ್ತದೆ, ಅಲಮೇಲುಗೆ ನಾಲ್ಕು ಜನ ಸಿಕ್ಕರೆ ಸಾಕು. ನನಗೆ ಏನೂ ಅನಿಸುವುದಿಲ್ಲ, ಸಾಕುಸಾಕೆನಿಸುತ್ತದೆ ಅಷ್ಟೇ. ಬೋರಾಗುತ್ತಲೇ ಬೆರಳು ಏರಿಸಿದೆ. ಹಾಗೂ ಏರಿಸಬಹುದೆಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಜಿಡ್ಡಿನ ಗುರುತು ಕ್ಯಾಲೆಂಡರಿನ ಮೊಳೆ ದಾಟಿತು. ಬೆಳಿಗ್ಗೆ ಜಾಲರಿಯಲ್ಲಿ ಮಹಾದೇವಿಯ ಹಣೆ ದಾಟಿತು, ಮುಡಿದ ಹೂವು ದಾಟಿತು.

ಡಾಕ್ಟರು ನನ್ನ ತೋಳನ್ನು ಕಿವಿಯ ತನಕ ಎತ್ತಿಸಿ ನೋಡಿದರು. ಕೂದಲೆಳೆಯಷ್ಟು ಕಡಿಮೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು. "ತಿರುಚೋದು ಬೇಡ. ಹೀಗೇ ಮಾಡ್ತಾ ಇರಿ."

"ಎಷ್ಟು ದಿನ?" ಎಂದೆ.

"ದಿನಾ," ಎಂದರು.

ಮರುದಿನ ಶರಣಬಸಪ್ಪ ನನ್ನನ್ನು ನೋಡಿ ಏಳಲು ಹೋದ. "ಬರ್ರಿ ಸಾಹೇಬ್ರ, ಇವತ್ತ ನೀವು ಕುಂಡ್ರಿ. ಗೆದ್ದು ಬಂದೀರಿ."

ಅವನ ಹೆಗಲ ಮೇಲೆ ಎಡಗೈ ಇಟ್ಟು ಅದುಮಿದೆ. ಕಟ್ಟಳೆಯ ಪ್ರಕಾರ ಅಂಧೇರಿಯಲ್ಲಿ ಏಳಬೇಕಾದವನು ಅವನು. "ದಾದರ್ ತನಕ ಮಲಗಯ್ಯಾ. ನಿನ್ನ ಮೊಣಕಾಲು ನೋಡಿದರೆ ನನ್ನ ಭುಜಕ್ಕೇ ನೋವಾಗತ್ತೆ," ಎಂದೆ. ಎಂದು, ಇಡೀ ಬೋಗಿ ನೋಡಲೆಂದು, ಬಲಗೈ ಎತ್ತಿ ಹಿಡಿಕೆ ಹಿಡಿದೆ. ಜಾಲರಿಯ ಆಚೆ ಮಹಾದೇವಿ ಸೊಪ್ಪು ಎತ್ತಿ ಝಳಪಿಸಿದಳು. ಅಷ್ಟು ದಿನಗಳ ವ್ಯಾಯಾಮ ನನಗೆ ತಂದುಕೊಟ್ಟದ್ದು ಇದು: ದಾದರ್ ತನಕ ನೇತಾಡುವ ಹಕ್ಕು.

ಬೋರಿವಲಿಯಲ್ಲಿ ಜನ ನುಗ್ಗಿದರು. ಕಾಂದಿವಲಿಯಲ್ಲಿ ಇನ್ನಷ್ಟು. ಮುಂದೆ ಹೊಟ್ಟೆ, ಹಿಂದೆ ಚೀಲ, ಬದಿಯಲ್ಲಿ ಯಾರದೋ ಟಿಫಿನ್ ಡಬ್ಬಿಯ ಬಿಸಿ. ಭುಜ ಉರಿಯತೊಡಗಿತು, ಇಳಿಸೋಣವೆಂದುಕೊಂಡೆ. ಕೈ ಇಳಿಸಲು ಎಲ್ಲೂ ಜಾಗವಿರಲಿಲ್ಲ. ಶರಣಬಸಪ್ಪ ಗೊರಕೆ ಹೊಡೆಯುತ್ತಿದ್ದ. ನಾನು ಕೈ ಎತ್ತಿಕೊಂಡೇ ದಾದರ್‌ಗೆ ಹೋದೆ.