ಆರನೆಯವನ ಒಪ್ಪಿಗೆ

ಅಹಲ್ಯಾ ನಡೆಯುತ್ತಿದ್ದಂತೆಯೇ ಥಟ್ಟನೆ ನಿಂತುಬಿಡುವವರು. ದೆಹಲಿಯ ದ್ವಾರಕಾದ ನಮ್ಮ ವಸತಿ ಸೊಸೈಟಿಯ ಗೇಟಿನಲ್ಲಾಗಲಿ ಮೆಟ್ರೋ ಮೆಟ್ಟಿಲ ನಡುವೆಯಾಗಲಿ, ಹಿಂದಿನವರು ಗೊಣಗುತ್ತ ಬಳಸಿಕೊಂಡು ಹೋದರೂ, ಮನಸ್ಸಿನ ಸಂದೇಹ ಇತ್ಯರ್ಥವಾಗುವ ತನಕ ಹೆಜ್ಜೆ ಕೀಳುತ್ತಿರಲಿಲ್ಲ. ದೀಪಾವಳಿ ಕಳೆದೊಡನೆ ಮೈಗೇರುವ ಅವರ ಕಂದು ಕೋಟಿನ ಗುಂಡಿಗಳಲ್ಲಿ ಒಂದಾದರೂ ತಪ್ಪು ಕಾಜದಲ್ಲಿರುತ್ತಿತ್ತು.

ಉಡುಪಿ ಕಡೆಯ ಈಕೆ, ಸರ್ಕಾರಿ ಕಚೇರಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದುಕೊಂಡೇ, ತೊಂಬತ್ತೇಳರಲ್ಲಿ ಚೆನ್ನೆಮಣೆಯನ್ನು ಕಂಪ್ಯೂಟರ್ ಆಟವಾಗಿಸಿ, ಯಾರು ಬೇಕಾದರೂ ತಿದ್ದಿ ಹಂಚಿಕೊಳ್ಳಲೆಂದು ಅದರ ಪ್ರೋಗ್ರಾಮನ್ನು ಇಂಟರ್‌ನೆಟ್ಟಿನಲ್ಲಿ ಮುಕ್ತವಾಗಿ ಬಿಟ್ಟಿದ್ದರು. ಮುಖಪರಿಚಯವಿಲ್ಲದ ಆರು ಮಂದಿ ದೂರದೂರದ ದೇಶಗಳಿಂದ ಅದನ್ನು ಪರಿಷ್ಕರಿಸಿದ್ದರು.

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ, ಗುರ್ಗಾಂವಿನಲ್ಲಿ ಕೆಲಸದಲ್ಲಿದ್ದ ಮೇಲಿನ ಮಹಡಿಯ ಪವನ್, ಆ ಆಟವನ್ನು ಹೊಸ ಬಗೆಯ ಫೋನುಗಳಿಗೆ ಆಟಗಳನ್ನು ಒದಗಿಸುವ ಆನ್‌ಲೈನ್ ಅಂಗಡಿಗೆ ಹಾಕೋಣವೆಂದು ಬಂದ. ಅರ್ಜಿಯಲ್ಲಿ ಮಾಲೀಕರ ಹೆಸರಿಗೆ ಇದ್ದದ್ದು ಒಂದೇ ಸಾಲು.

“ನಿಮ್ಮ ಹೆಸರು ಹಾಕಿ ಆಂಟಿ. ಚಲೋ, ಮುಗೀತು.”

“ಅರ್ಧ ನನ್ನದಲ್ಲವಲ್ಲಪ್ಪ. ಅವರನ್ನೆಲ್ಲ ಕೇಳಬೇಕು.”

ಪತ್ರ ಬರೆದು ಕೇಳಿದರು. ಐವರು ಒಪ್ಪಿದರು. ಆರನೆಯವನು ಪೋಲೆಂಡಿನವನು, ಕಾಯಿಗಳ ಎಣಿಕೆ ತಪ್ಪುತ್ತಿದ್ದ ದೋಷವನ್ನು ಪತ್ತೆಹಚ್ಚಿ, ಆ ಭಾಗವನ್ನು ಬರೆದು ಸರಿಪಡಿಸಿದವನು. ಮೂರು ತಿಂಗಳಾದ ಮೇಲೆ ಅವನ ಅಕ್ಕನಿಂದ ಉತ್ತರ ಬಂತು: ತಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು, ಅವನು ಇಂಥದ್ದನ್ನು ಮಾಡುತ್ತಿದ್ದನೆಂದು ಮನೆಯವರಿಗೆ ತಿಳಿದಿರಲಿಲ್ಲ, ಯಾವ ಆಟ ಅದು?

ಅಹಲ್ಯಾ ಆ ಕಾಗದ ಹಿಡಿದು ನನ್ನಲ್ಲಿಗೆ ಬಂದರು. “ಇದನ್ನು ಒಪ್ಪಿಗೆ ಅನ್ನಬಹುದೇ?” ಎಂದು ಕೇಳಿದರು. ಅವನು ಬರೆದ ಭಾಗವನ್ನು ತೆಗೆದು ತಾವೇ ಹೊಸದಾಗಿ ಬರೆಯಲು ಒಂದು ತಿಂಗಳು ಹೆಣಗಿದರು; ಹೇಗೆ ಬರೆದರೂ ಅದು ಅವನು ಬರೆದಂತೆಯೇ ಆಗುತ್ತಿತ್ತು. ಕೊನೆಗೆ ಕೈಬಿಟ್ಟು, ಆಟವನ್ನೂ ಆಡುವ ಕ್ರಮವನ್ನೂ ಆ ಅಕ್ಕನಿಗೆ ಕಳುಹಿಸಿದರು. ಪವನ್ ಮುನಿಸಿಕೊಂಡು ಹಲವು ದಿನ ಮಾತು ಬಿಟ್ಟ.

ಬೇಸಿಗೆಯಲ್ಲಿ ಅವಳ ಮರುಪತ್ರ ಬಂತು. ಎರಡು ವಾರ ಆಡಿದೆ, ಒಮ್ಮೆಯೂ ಗೆಲ್ಲಲಿಲ್ಲ, ಅವನ ಹೆಸರಿನೊಂದಿಗೆ ಖಂಡಿತ ಹಾಕಿ ಎಂದಿದ್ದಳು. ಏಳು ಹೆಸರುಗಳನ್ನು ಹೊತ್ತು ಆಟ ಅಂಗಡಿಗೆ ಬಂತು. ಮಾಲೀಕರ ಸಾಲಿನಲ್ಲಿ ಮಾತ್ರ ಅಹಲ್ಯಾ ಒಬ್ಬರೇ. ಅದನ್ನು ಓದಿ ಅವರು, “ಇದು ಸುಳ್ಳಾಗುವುದಿಲ್ಲವೇ?” ಎಂದು ಕೇಳಿದರು. ನಾನು ಇಲ್ಲವೆಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಇಂಥವರೊಡನೆ ಕೆಲಸ ಮಾಡುವುದು ಕಷ್ಟವೆಂದು ಪವನನಂಥ ಚುರುಕು ಜನ ಹೇಳುವುದರಲ್ಲಿ ತಪ್ಪಿಲ್ಲ. ಕೊಟ್ಟುಬಿಡುವುದು ಅಹಲ್ಯಾರಂಥವರಿಗೆ ಉಸಿರಾಟದಷ್ಟು ಸಹಜ. ‘ನನ್ನದು’ ಎಂದು ಬರೆಯಬೇಕಾದಾಗ ಮಾತ್ರ ಕೈ ತಡೆಯುತ್ತದೆ.