ಪೆನ್ನಿಗೊಂದು ಕನ್ವರ್ಟರ್

ಇಂಕು ಬಾಟಲಿಯ ಮುಚ್ಚಳ ತಿರುವುತ್ತಿದ್ದಂತೆ ನಳಿನಾಕ್ಷಿ ಟೀಚರಿಗೆ ಚಿಕ್ಕಂದಿನ ತರಗತಿಯ ವಾಸನೆ ಬಂತು. ನೀರಿನಲ್ಲಿ ಕರಗಿದ ಮಸಿಗುಳಿಗೆ, ಒದ್ದೆಯಾದ ಮರದ ಬೆಂಚು. ಪಕ್ಕದ ಒಲೆಯಲ್ಲಿ ಕುಚ್ಚಲಕ್ಕಿ ಗಂಜಿ ಕುದಿಯುತ್ತಿತ್ತು. ನೆರೆಮನೆಯ ಹಸೈನಾರರು ನಿನ್ನೆ ಸಂಜೆ ತೀರಿಕೊಂಡಿದ್ದರು. ಆ ಮನೆಯಲ್ಲಿ ಇವತ್ತು ಒಲೆ ಹಚ್ಚುವುದಿಲ್ಲ.

ಕೊರಿಯರಿನಲ್ಲಿ ಬಂದ ಕಿರುಬೆರಳಿನಷ್ಟು ಕೊಳವೆಯನ್ನು ಟೀಚರ್ ಹಸೈನಾರರ ಪೆನ್ನಿನ ಹೊಟ್ಟೆಗೆ ಒತ್ತಿದರು. ಟಿಕ್ ಎಂದು ಕೂತಿತು. ಸರಿಯಾದ ಕನ್ವರ್ಟರ್ ಕೊನೆಗೂ ಬಂದಿತ್ತು. ಆದರೆ ಬಂದದ್ದು ಆ ಮನೆಯಿಂದ ಅಳು ಕೇಳಿಸಿದ ಮೇಲೆ. ನಿಬ್ಬು ಅದ್ದಿ ಇಂಕು ಹೀರಿಸುವಾಗ ತೋರುಬೆರಳು ನೀಲಿಯಾಯಿತು.

*

ಬಂದರಿನ ಶುಂಠಿ ಗೋದಾಮಿನಲ್ಲಿ ಗುಮಾಸ್ತರಾಗಿದ್ದ ಹಸೈನಾರರಿಗೆ ಆ ಪೆನ್ನನ್ನು ಕೊಟ್ಟವನು ಮಗ ಇಲ್ಯಾಸ್, ದುಬೈಯಿಂದ ಮೊದಲ ಸಲ ರಜೆಯಲ್ಲಿ ಬಂದಾಗ. ಇಂಕು ಹೀರುವ ಕನ್ವರ್ಟರ್ ಒಡೆದ ಮೇಲೆ ಅದು ಮೇಜಿನಲ್ಲೇ ಉಳಿದಿತ್ತು. ಇಲ್ಯಾಸನ ಮಗಳು ಶೈಮಾಳ ನಿಕಾಹ್ ನಿಶ್ಚಯವಾದಾಗ ಮುದುಕರಿಗೆ ಹಟ ಬಂತು: ಸಾಕ್ಷಿಯ ಸಹಿ ಹಾಕಿದರೆ ಅದೇ ಪೆನ್ನಿನಲ್ಲಿ.

ಹಂಪನಕಟ್ಟೆಯ ಅಂಗಡಿಯಲ್ಲಿ ಸಿಕ್ಕ ಕನ್ವರ್ಟರ್ ದಪ್ಪವಾಗಿ ಒಳಗೇ ಹೋಗಲಿಲ್ಲ. ಇನ್ನೊಂದು ಸಡಿಲವಾಗಿ ಸೋರಿ, ಶುಕ್ರವಾರದ ಬಿಳಿ ಅಂಗಿಯ ಕಿಸೆಗೇ ಇಂಕು ಕುಡಿಸಿಬಿಟ್ಟಿತು.

"ಪೆನ್ನಿಗೂ ಜಾತಿ ಉಂಟು ಟೀಚರೇ," ಎಂದಿದ್ದರು ಹಸೈನಾರರು. "ಬೇರೆ ಕಂಪೆನಿಯವರನ್ನು ಒಳಗೆ ಸೇರಿಸುವುದಿಲ್ಲ."

ಕೊನೆಗೆ ಪೆನ್ನಿಗೊಂದು ಕನ್ವರ್ಟರ್ ಕಳಿಸೆಂದು ಮಗನಿಗೆ ಫೋನು ಮಾಡಿದರು. ಊಟ ಮುಗಿಸಿ ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದರು. ಆ ಬಾಯಲ್ಲಿ ಪೆನ್ನೂ ಒಂದೇ, ಫ್ಯಾನೂ ಒಂದೇ. ಇಲ್ಯಾಸ್ ಹಿಂದೊಮ್ಮೆ ಅಲ್ಲಿಂದ ತಂದ ಟೇಬಲ್ ಫ್ಯಾನು, ಪ್ಲಗ್ಗಿನ ಕಾಲುಗಳು ಇಲ್ಲಿಯ ಗೋಡೆಗೆ ಕೂರದೆ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಅದಕ್ಕೇ ಕೇಳಿದ್ದೆಂದು ತಿಳಿದು ಮಗ ಪ್ಲಗ್ಗಿನ ಕನ್ವರ್ಟರ್ ಕಳಿಸಿದ.

ಪೊಟ್ಟಣ ಬಿಚ್ಚಿದ ಹೆಂಡತಿ ಬೀಫಾತಿಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಸೈನಾರರು ಫ್ಯಾನು ಇಳಿಸಿ, ಒರೆಸಿ, ಚಾಲೂ ಮಾಡಿ, ಅದರ ಗಾಳಿಗೆ ಕೂತು ಮಗನಿಗೆ ಫೋನು ಮಾಡಿದರು. "ಲಾಯ್ಕ್ ಕೂತಿತು ಮಗಾ."

ಫೋನಿಟ್ಟು ಹೆಂಡತಿಯತ್ತ, ಪಕ್ಕದಲ್ಲಿದ್ದ ಟೀಚರತ್ತ ತಿರುಗಿದರು. "ಅವನಿಗೆ ಹೇಳ್ಬೇಡಿ. ಪಾಪ, ವಾರಕ್ಕಿದ್ದ ಒಂದು ರಜೆಯಲ್ಲಿ ಅಂಗಡಿ ಅಂಗಡಿ ತಿರುಗಿದ್ದಾನೆ." ಆಮೇಲೆ ಪೆನ್ನನ್ನು ಟೀಚರ ಕೈಗೆ ಕೊಟ್ಟು, ನೀವೇ ಎಲ್ಲಾದರೂ ಹುಡುಕಿ ಎಂದರು.

*

ದಫನ ಮುಗಿಸಿ ಗಂಡಸರು ಹಿಂತಿರುಗುವ ಹೊತ್ತಿಗೆ ಟೀಚರ್ ಗಂಜಿಯ ಪಾತ್ರೆಯೊಂದಿಗೆ ಒಳಕೋಣೆಯಲ್ಲಿದ್ದರು. ಬೀಫಾತಿಮ್ಮ ಬಿಳಿ ಬಟ್ಟೆ ಉಟ್ಟು ಗೋಡೆಗೆ ಒರಗಿದ್ದರು. ಮಧ್ಯಾಹ್ನದವರೆಗೆ ಅಲ್ಲಿ ಮಲಗಿಸಿದ್ದ ಮಯ್ಯತ್ತಿನ ಪಕ್ಕ ತಿರುಗುತ್ತಿದ್ದ ಫ್ಯಾನು ಈಗಲೂ ತಿರುಗುತ್ತಿತ್ತು. ಬೆಳಗಿನ ವಿಮಾನದಲ್ಲಿ ಬಂದಿಳಿದ ಇಲ್ಯಾಸ್ ಉಮ್ಮನ ಕಾಲಬುಡದಲ್ಲಿ ಕೂತು ಅದನ್ನೇ ನೋಡಿದ.

"ಬಾಪ ನನ್ನ ಹತ್ರ ಯಾವತ್ತೂ ಎಂತದೂ ಕೇಳಿದವರಲ್ಲ ಟೀಚರ್. ಆ ಕನ್ವರ್ಟರ್ ಒಂದು ಕೇಳಿದ್ದು. ಅದಾದರೂ ಸರಿಯಾದದ್ದೇ ಕಳಿಸಿದೆನಲ್ಲ?"

ಟೀಚರ ಕೈ ಚೀಲದೊಳಗಿನ ಪೆನ್ನಿನ ಮೇಲಿತ್ತು. ನಿನ್ನ ಬಾಪ ಕೇಳಿದ್ದು ಇದಕ್ಕೆ ಎಂದು ಹೇಳಿಯೇ ಪೆನ್ನು ಕೊಡಬೇಕೆಂದು ಅಂಗಳ ದಾಟುವಾಗ ಮಾತು ಜೋಡಿಸಿಕೊಂಡಿದ್ದರು. ಬೀಫಾತಿಮ್ಮ ತಲೆ ಎತ್ತಿ ಒಮ್ಮೆ ಅವರನ್ನು ನೋಡಿದರು.

"ಕನ್ವರ್ಟರಾ? ಟಿಕ್ ಅಂತ ಕೂತಿದೆ ಮಗಾ," ಎಂದರು ಟೀಚರ್.

ಇಲ್ಯಾಸ್ ಮುಖ ಒರೆಸಿಕೊಂಡ. ಟೀಚರ್ ಪೆನ್ನನ್ನು ಅಜ್ಜಿಯ ಪಕ್ಕ ಕೂತಿದ್ದ ಶೈಮಾಳ ಕೈಗಿಟ್ಟು, ನಿಕಾಹಿಗೆಂದು ಅಜ್ಜ ಸರಿಮಾಡಿಸಿದ್ದು ಎಂದರು. ಅವಳು ಪೇಪರಿನ ಅಂಚಿನಲ್ಲಿ ಅಜ್ಜನ ಹೆಸರು ಗೀಚಿದಳು. ನೀಲಿ ಗೆರೆ ಎಲ್ಲೂ ತುಂಡಾಗಲಿಲ್ಲ.

"ಇದಿನ್ನೂ ಬರೀತದಾ?" ಇಲ್ಯಾಸ್ ಬೆರಗಾದ.

"ಬರೀದೆ ಎಂತ," ಎಂದರು ಬೀಫಾತಿಮ್ಮ. "ನೀನು ಕೊಟ್ಟದ್ದಲ್ವಾ."

ಅವರು ಗಂಜಿಯ ಪಾತ್ರೆಯನ್ನು ಹತ್ತಿರ ಎಳೆದುಕೊಂಡು ಮೊದಲ ಬಟ್ಟಲು ತುಂಬಿಸಿದರು. ಟೀಚರ ನೀಲಿ ಬೆರಳನ್ನು ತನ್ನ ಬಿಳಿ ಸೆರಗಿನ ತುದಿಯಿಂದ ಮೆಲ್ಲನೆ ಒರೆಸಿ, ಆ ಕೈಗೇ ಬಟ್ಟಲನ್ನು ಕೊಟ್ಟರು.